ಇನ್‌ಹೇಲರ್ ಚಟವಾಗುತ್ತದೆಯೇ?

ಪ್ರಶ್ನೆ: ರಾಮಾಂಜನೇಯ ಗುಡ್ಡದ ಮೆಟ್ಟಿಲು ಹತ್ತುವಾಗ ಉಬ್ಬಸ ಬರುತ್ತದೆ. ವೈದ್ಯರು ಸಾಲ್ಬುಟಮಾಲ್ ಇನ್‌ಹೇಲರ್ ಕೊಟ್ಟಿದ್ದಾರೆ. ಒಮ್ಮೆ ಹಿಡಿದರೆ ಬಿಡಲಾಗದು ಎನ್ನುತ್ತಾರೆ, ನಿಜವೇ? (ಓದುಗರು, ಹನುಮಂತನಗರ)

ಉತ್ತರ: ನಿಜವಲ್ಲ. ಈ ಭಯದಿಂದಲೇ ಎಷ್ಟೋ ಮಂದಿ ಮಾತ್ರೆಗೆ ಜೋತುಬೀಳುತ್ತಾರೆ. ಲೆಕ್ಕ ನೋಡಿ: ಒಂದು ಮಾತ್ರೆಯಲ್ಲಿ 4 ಮಿಲಿಗ್ರಾಂ ಸಾಲ್ಬುಟಮಾಲ್ ಇದ್ದರೆ, ಇನ್‌ಹೇಲರಿನ ಒಂದು ಒತ್ತಿಗೆ ಬರುವುದು 100 ಮೈಕ್ರೋಗ್ರಾಂ, ಅಂದರೆ ಅದರ ನಲವತ್ತನೇ ಒಂದು ಪಾಲು. ಅದು ನೇರ ಶ್ವಾಸನಾಳಕ್ಕಿಳಿದು ಬಿಗಿದ ಸ್ನಾಯುಗಳನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸುತ್ತದೆ. ಕೈ ನಡುಕ, ಎದೆಬಡಿತ ಸ್ವಲ್ಪ ಹೊತ್ತು ಕಾಣಿಸಬಹುದು.

ತಪ್ಪಾಗುವುದು ಹೆಚ್ಚಾಗಿ ವಿಧಾನದಲ್ಲಿ. ಚೆನ್ನಾಗಿ ಕುಲುಕಿ, ಉಸಿರು ಪೂರ್ತಿ ಬಿಡಿ. ಇನ್‌ಹೇಲರಿನ ಬಾಯಿಯನ್ನು ತುಟಿಗಳಲ್ಲಿ ಬಿಗಿಹಿಡಿದು, ನಿಧಾನವಾಗಿ ಉಸಿರೆಳೆಯಲು ಶುರುಮಾಡಿದಾಗಲೇ ಒತ್ತಿ. ಹತ್ತು ಸೆಕೆಂಡ್ ಉಸಿರು ಹಿಡಿಯಿರಿ. ಎರಡನೆಯದು ಬೇಕಿದ್ದರೆ ಅರ್ಧ ನಿಮಿಷ ಬಿಟ್ಟು. ಸ್ಪೇಸರ್ (ಇನ್‌ಹೇಲರಿಗೆ ಜೋಡಿಸುವ ಕೊಳವೆ) ಇದ್ದರೆ ಇನ್ನೂ ಒಳ್ಳೆಯದು, ಮಕ್ಕಳಿಗಂತೂ ಬೇಕೇ ಬೇಕು.

ನಾನು ಒತ್ತಿ ಹೇಳಬೇಕಾದ್ದು ಬೇರೆ. ಈ ಔಷಧ ನಾಳ ಹಿಗ್ಗಿಸುತ್ತದೆಯೇ ಹೊರತು ಒಳಗಿನ ಉರಿಯೂತ ಇಳಿಸದು. ಆದ್ದರಿಂದಲೇ 2019ರಲ್ಲಿ ಅಂತರರಾಷ್ಟ್ರೀಯ ಆಸ್ತಮಾ ಮಾರ್ಗಸೂಚಿ 'ಗಿನಾ', ವಯಸ್ಕರು ಇದೊಂದನ್ನೇ ನೆಚ್ಚಬಾರದೆಂದು ಹೇಳಿತು. ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಬೇಕಾಗುತ್ತಿದೆಯೇ? ಉರಿಯೂತ ಇಳಿಸುವ ಸ್ಟೆರಾಯ್ಡ್ ಇನ್‌ಹೇಲರ್ ಬಗ್ಗೆ ವೈದ್ಯರನ್ನು ಕೇಳಿ. ಅದನ್ನು ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಿರಿ.

ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ, ತುಟಿ ನೀಲಿಗಟ್ಟಿದರೆ, ಔಷಧ ಎಳೆದರೂ ಇಳಿಯದಿದ್ದರೆ 108ಕ್ಕೆ ಕರೆಮಾಡಿ, ಆಂಬುಲೆನ್ಸ್ ಬರುವವರೆಗೆ ನೆಟ್ಟಗೆ ಕೂತು ಇನ್‌ಹೇಲರ್ ಮುಂದುವರಿಸಿ.