ಕೆಲಸ ಹೋದವರ ಕಾಗದದಲ್ಲಿ ಏನು ಬರೆದಿದೆ?

ಜೀಡಿಮೆಟ್ಲಾದ ಕೈಗಾರಿಕಾ ಪ್ರದೇಶದಲ್ಲಿ ಬೀದರ್, ಕಲಬುರಗಿ ಕಡೆಯ ಕನ್ನಡ ಕಿವಿಗೆ ಬೀಳದ ದಿನವಿಲ್ಲ. ಇಲ್ಲಿನ ಕಾರ್ಖಾನೆಯೊಂದರಲ್ಲಿ ಸಂಬಳದ ಲೆಕ್ಕ ನೋಡುವುದು ನನ್ನ ಕೆಲಸ. ಹೀಗಾಗಿ, ಬೇರೆ ಕಂಪನಿಗಳಲ್ಲಿ ಕೆಲಸ ಕಳೆದುಕೊಂಡ ನಮ್ಮವರು ‘ಅಣ್ಣಾ, ಇಎಸ್‌ಐದಾಗ ರೊಕ್ಕ ಕೊಡ್ತಾರಂತಲ್ರೀ, ಖರೇನಾ?’ ಎಂದು ಕೇಳಿಕೊಂಡು ಬರುತ್ತಾರೆ.

ಖರೆ. ತಿಂಗಳ ಸಂಬಳ 21,000 ರೂಪಾಯಿ ಮೀರದೆ ಇಎಸ್‌ಐ ವಂತಿಗೆ ಕಟ್ಟಿದವರಿಗೆ ಎರಡು ದಾರಿಗಳಿವೆ. 2005ರಲ್ಲಿ ಬಂದ ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ್ ಯೋಜನೆ ಒಂದು. ಕಾರ್ಖಾನೆ ಮುಚ್ಚಿದರೆ ಅಥವಾ ರಿಟ್ರೆಂಚ್‌ಮೆಂಟ್ ಆದರೆ ಮೊದಲ 12 ತಿಂಗಳು ಸಂಬಳದ ಅರ್ಧ, ನಂತರದ 12 ತಿಂಗಳು ಕಾಲು ಭಾಗ ಸಿಗುತ್ತದೆ. 2018ರಲ್ಲಿ ಬಂದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ ಇನ್ನೊಂದು. ಇದರಲ್ಲಿ ಜೀವಮಾನದಲ್ಲಿ ಒಮ್ಮೆ, ಗರಿಷ್ಠ 90 ದಿನ, ಸರಾಸರಿ ದಿನಗೂಲಿಯ ಅರ್ಧ ಕೊಡುತ್ತಾರೆ. ಕೆಟ್ಟ ನಡತೆಗಾಗಿ ವಜಾ ಆದವರಿಗೆ, ಸ್ವಯಂ ನಿವೃತ್ತಿ ಪಡೆದವರಿಗೆ ಇದೂ ಇಲ್ಲ.

ತಿಂಗಳಿಗೆ 18,000 ರೂಪಾಯಿ ದುಡಿಯುತ್ತಿದ್ದವರ ಲೆಕ್ಕ ಹಾಕಿ ನೋಡಿ. ಮೊದಲ ಯೋಜನೆಯಲ್ಲಿ ಎರಡು ವರ್ಷಕ್ಕೆ ಸುಮಾರು 1,62,000 ರೂಪಾಯಿ. ಎರಡನೆಯದರಲ್ಲಿ ಸುಮಾರು 26,600. ಈ ವ್ಯತ್ಯಾಸವನ್ನು ತೀರ್ಮಾನಿಸುವುದು ಕಂಪನಿಯ ದಾಖಲೆಯಲ್ಲಿರುವ ಒಂದು ಪದ. ಇಎಸ್‌ಐ ಪೋರ್ಟಲ್‌ನಲ್ಲಿ ಪ್ರತಿ ತಿಂಗಳ ವಂತಿಗೆ ತುಂಬುವಾಗ, ಬಿಟ್ಟುಹೋದ ಕೆಲಸಗಾರನ ಹೆಸರಿನ ಮುಂದೆ ಕಾರಣದ ಸಂಖ್ಯೆ ಹಾಕಬೇಕು. 2 ಎಂದರೆ ‘ಕೆಲಸ ಬಿಟ್ಟರು’, 10 ಎಂದರೆ ‘ರಿಟ್ರೆಂಚ್‌ಮೆಂಟ್’.

ನನಗೆ ಗೊತ್ತಿರುವ ಔರಾದ್ ಕಡೆಯ ಒಬ್ಬನ ಕಂಪನಿಯಲ್ಲಿ ಒಂದು ಪ್ಯಾಕಿಂಗ್ ಲೈನ್ ನಿಂತಿತು. ‘ರಾಜೀನಾಮೆಗೆ ಸಹಿ ಹಾಕಿದರೆ ಇವತ್ತೇ ಸೆಟಲ್‌ಮೆಂಟ್’ ಎಂದರು. ಮನೆ ಬಾಡಿಗೆ ಬಾಕಿ ಇತ್ತು, ಸಹಿ ಹಾಕಿದ. ಇಎಸ್‌ಐ ಅರ್ಜಿ ತಿರಸ್ಕೃತವಾಯಿತು. ಕಂಪನಿಗಳು ಹೀಗೇಕೆ ಮಾಡುತ್ತವೆ? ಕಾನೂನಿನಂತೆ ರಿಟ್ರೆಂಚ್‌ಮೆಂಟ್ ಮಾಡಿದರೆ ಒಂದು ತಿಂಗಳ ನೋಟಿಸ್ ಅಥವಾ ಸಂಬಳ, ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಪರಿಹಾರ ಕೊಡಬೇಕು. ರಾಜೀನಾಮೆ ಆ ಖರ್ಚನ್ನು ಉಳಿಸುತ್ತದೆ. ಕೆಲಸಗಾರನಿಗೆ ಎರಡು ಕಡೆ ನಷ್ಟ.

ಆದರೆ ತಿರಸ್ಕಾರವೇ ಕೊನೆಯಲ್ಲ. ಮೊದಲು ಶಾಖಾ ಕಚೇರಿಯಿಂದ ಕಾರಣವನ್ನು ಬರಹದಲ್ಲಿ ಪಡೆಯಿರಿ. ಹಾಜರಿ ದಾಖಲೆ, ಸಂಬಳ ಚೀಟಿ, ಸೂಪರ್‌ವೈಸರ್ ಕಳಿಸಿದ ವಾಟ್ಸ್‌ಆ್ಯಪ್ ಸಂದೇಶ, ಜೊತೆಗೇ ಕೆಲಸ ಹೋದವರ ಹೇಳಿಕೆ ಸೇರಿಸಿ ಮರುಪರಿಶೀಲನೆಗೆ ಬರೆಯಿರಿ. ಸ್ವೀಕೃತಿಯ ಮುದ್ರೆ ಬೀಳದೆ ಕಾಗದ ಬಿಟ್ಟು ಬರಬೇಡಿ. ಅಲ್ಲಿ ಆಗದಿದ್ದರೆ ಹೈದರಾಬಾದಿನ ಆದರ್ಶ್ ನಗರದಲ್ಲಿರುವ ಪ್ರಾದೇಶಿಕ ಕಚೇರಿಗೆ ಹೋಗಿ. ‘ಸುವಿಧಾ ಸಮಾಗಮ’ ಎಂಬ ಅಹವಾಲು ಸಭೆ ಇರುವುದು ಇದಕ್ಕೇ. ಅದಕ್ಕೂ ಮೇಲೆ ನೌಕರರ ವಿಮಾ ನ್ಯಾಯಾಲಯವಿದೆ. ಅಲ್ಲಿಗೆ ಹೋಗಲು ಮೂರು ವರ್ಷದ ಗಡುವು. ರಾಜೀನಾಮೆ ಬಲವಂತದ್ದು ಎಂಬ ತಕರಾರನ್ನು ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಮುಂದೆ ಬೇರೆಯಾಗಿಯೇ ಇಡಬೇಕು.

‘ಕೆಟ್ಟ ನಡತೆ’ ಎಂದು ಬರೆದಿದ್ದರೆ ಕೇಳಬೇಕಾದ ಪ್ರಶ್ನೆ ಇನ್ನೂ ಸರಳ: ಚಾರ್ಜ್‌ಶೀಟ್ ಎಲ್ಲಿ, ವಿಚಾರಣೆ ನಡೆದದ್ದು ಯಾವಾಗ? ಅಮೆರಿಕದಲ್ಲೂ ನಿರುದ್ಯೋಗ ಭತ್ಯೆಯ ಮೇಲ್ಮನವಿಗಳಲ್ಲಿ ಜಗಳ ಹೆಚ್ಚಾಗಿ ಈ ಪದದ ಮೇಲೆಯೇ. ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ 30 ದಿನವಷ್ಟೇ ಸಮಯ.

ಔರಾದಿನ ಹುಡುಗನ ಮರುಅರ್ಜಿ ಈಗ ಆದರ್ಶ್ ನಗರದಲ್ಲಿದೆ. ಅವನ ಜೊತೆ ಕೆಲಸ ಕಳೆದುಕೊಂಡ ಇಬ್ಬರು ಸಾಕ್ಷಿ ಹೇಳಲು ಒಪ್ಪಿದ್ದಾರೆ. ನಿಮ್ಮ ಊರಿನವರು ಯಾರಾದರೂ ಹೀಗೆ ಗೇಟಿನ ಹೊರಗೆ ನಿಂತು ಫೋನ್ ಮಾಡಿದರೆ, ಮೊದಲು ಹೇಳಬೇಕಾದ್ದು ಒಂದೇ: ಓದದೆ ಸಹಿ ಹಾಕಬೇಡ, ಹಾಕಿದ್ದರೆ ಅದರ ಪ್ರತಿ ಕೇಳು.