ಕರುಳಿನ ಉರಿಯೂತ: ನಾರಿನ ಆಹಾರ ಯಾವಾಗ, ಎಷ್ಟು?

ಕೆಲಸಕ್ಕೆ, ಓದಿಗೆ ಎಂದು ಕರಾವಳಿಯಿಂದ ಬಂದು ಮೈಸೂರಿನ ವಿಜಯನಗರದಲ್ಲಿ ನೆಲೆಸಿದವರ ಮನೆಗಳಲ್ಲಿ ಇಂದು ಕುಚ್ಚಲಕ್ಕಿ ಗಂಜಿಯೂ ಉಂಟು, ರಾಗಿಮುದ್ದೆ, ಹುರುಳಿ ಸಾರೂ ಉಂಟು. ಆದರೆ ಮನೆಯಲ್ಲಿ ಒಬ್ಬರಿಗೆ ಕರುಳಿನ ಉರಿಯೂತದ ಕಾಯಿಲೆ ಇದೆಯೆಂದು ತಿಳಿದರೆ ಅಡುಗೆಮನೆಯಲ್ಲಿ ಗೊಂದಲ ಶುರುವಾಗುತ್ತದೆ. "ನಾರು ಒಳ್ಳೆಯದು, ಹೆಚ್ಚು ಕೊಡಿ" ಎಂದು ಒಬ್ಬರು, "ಸೊಪ್ಪು, ಕಾಳು ಮುಟ್ಟಲೇಬೇಡಿ" ಎಂದು ಇನ್ನೊಬ್ಬರು ಹೇಳುತ್ತಾರೆ. ಎರಡೂ ಪೂರ್ತಿ ಸರಿಯಲ್ಲ.

ಈ ಕಾಯಿಲೆಯಲ್ಲಿ ಮುಖ್ಯವಾಗಿ ಎರಡು ವಿಧ. ದೊಡ್ಡ ಕರುಳಿನ ಒಳಪದರದಲ್ಲಿ ಹುಣ್ಣಾಗುವುದು ಅಲ್ಸರೇಟಿವ್ ಕೊಲೈಟಿಸ್. ಜೀರ್ಣಾಂಗದ ಯಾವ ಭಾಗದಲ್ಲಾದರೂ ಬರಬಹುದಾದದ್ದು ಕ್ರೋನ್ಸ್ ಕಾಯಿಲೆ. ಎರಡರಲ್ಲೂ ಕಾಯಿಲೆ ಕೆಲಕಾಲ ಕೆರಳುತ್ತದೆ, ಕೆಲಕಾಲ ಶಾಂತವಾಗಿರುತ್ತದೆ. ಊಟದ ಲೆಕ್ಕವೂ ಅದರಂತೆಯೇ ಬದಲಾಗಬೇಕು.

ನಾರು ಜೀರ್ಣವಾಗದೆ ದೊಡ್ಡ ಕರುಳನ್ನು ಸೇರುತ್ತದೆ. ಅಲ್ಲಿನ ಉಪಕಾರಿ ಬ್ಯಾಕ್ಟೀರಿಯಾಗಳು ಕೆಲವು ಬಗೆಯ ನಾರನ್ನು ಹುದುಗಿಸಿ ಬ್ಯುಟಿರೇಟ್ ಎಂಬ ಪದಾರ್ಥವನ್ನು ತಯಾರಿಸುತ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಇದೇ ಮುಖ್ಯ ಇಂಧನ. ಹೀಗೆ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುವ ಪದಾರ್ಥಗಳಿಗೆ 1995ರಲ್ಲಿ 'ಪ್ರಿಬಯಾಟಿಕ್' ಎಂಬ ಹೆಸರು ಬಂತು. ಈರುಳ್ಳಿ, ಬೆಳ್ಳುಳ್ಳಿ, ಬಾಳೆಕಾಯಿ, ಬಾರ್ಲಿ ಇವುಗಳಲ್ಲಿ ಇಂಥ ಅಂಶವಿದೆ. ಒಟ್ಟು ನಾರಿನ ಲೆಕ್ಕದಲ್ಲಿ ರಾಗಿ ಮುಂದು: 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದ್ದರೆ, ಪಾಲಿಶ್ ಮಾಡಿದ ಬೆಳ್ತಿಗೆ ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ.

ಹಾಗಾದರೆ ಪ್ರಿಬಯಾಟಿಕ್ ಪುಡಿಯನ್ನು ಕೊಂಡು ತಿಂದರಾಯಿತೇ? ಇಲ್ಲ. ಕೆರಳಿದ ಕ್ರೋನ್ಸ್ ಕಾಯಿಲೆಯ 103 ರೋಗಿಗಳ ಮೇಲೆ ನಡೆದ, 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ ಅಂಥ ಪುಡಿಯಿಂದ ಕಾಯಿಲೆಗೆ ಪ್ರಯೋಜನ ಕಾಣಲಿಲ್ಲ. ಹುದುಗದೆ ಉಳಿದ ಕೆಲವು ನಾರು ಕೆಲವು ರೋಗಿಗಳಲ್ಲಿ ಉರಿಯೂತವನ್ನು ಹೆಚ್ಚಿಸಬಹುದು ಎಂದು ಕೆನಡಾದ ಸಂಶೋಧಕರು 2023ರಲ್ಲಿ ತೋರಿಸಿದರು.

ಆದುದರಿಂದ ಭೇದಿ, ಹೊಟ್ಟೆನೋವು ಹೆಚ್ಚಿರುವ ದಿನಗಳಲ್ಲಿ ಮೆತ್ತಗೆ ಬೆಂದ ಗಂಜಿ, ಸಿಪ್ಪೆ ತೆಗೆದು ಬೇಯಿಸಿ ಮಸೆದ ತರಕಾರಿ, ಕಳಿತ ಬಾಳೆಹಣ್ಣು ಸಾಮಾನ್ಯವಾಗಿ ಹಿತ. ಕಾಯಿಲೆ ಶಾಂತವಾದ ಮೇಲೆ ಸೋಸಿದ ರಾಗಿ ಅಂಬಲಿ, ಬೇಯಿಸಿದ ಬಾಳೆಕಾಯಿ, ಬೇಳೆಯ ತಿಳಿಸಾರು ಹೀಗೆ ಒಂದೊಂದಾಗಿ, ಸ್ವಲ್ಪಸ್ವಲ್ಪವಾಗಿ ಸೇರಿಸಬೇಕು. ಹೊಂದದಿದ್ದರೆ ಆ ಒಂದನ್ನು ನಿಲ್ಲಿಸಿದರೆ ಸಾಕು, ಎಲ್ಲವನ್ನೂ ಬಿಡಬೇಕಿಲ್ಲ. ಕ್ರೋನ್ಸ್‌ನಿಂದ ಕರುಳು ಕಿರಿದಾಗಿದ್ದರೆ ಮಾತ್ರ ಬಾಳೆದಿಂಡು, ಹಸಿ ತರಕಾರಿ, ಸಿಪ್ಪೆಯಿರುವ ಕಾಳು ಕರುಳನ್ನು ಕಟ್ಟಿಬಿಡುವ ಅಪಾಯವಿದೆ. ಅಂಥವರು ವೈದ್ಯರನ್ನು ಕೇಳದೆ ಇವನ್ನು ತಿನ್ನಬಾರದು.

ಆಹಾರ ಎಂದಿಗೂ ಔಷಧಿಯ ಬದಲಿಯಲ್ಲ. ಹಾಯೆನಿಸಿತೆಂದು ಮಾತ್ರೆ ನಿಲ್ಲಿಸಿದರೆ ಕಾಯಿಲೆ ಮತ್ತೆ ಕೆರಳಬಹುದು. ಮಲದಲ್ಲಿ ರಕ್ತ, ಜ್ವರ, ತೂಕ ಇಳಿಕೆ, ರಾತ್ರಿ ನಿದ್ದೆಗೆಡಿಸುವ ಭೇದಿ ಕಂಡರೆ ತಡಮಾಡದೆ ತಜ್ಞರನ್ನು ಕಾಣಬೇಕು. ನಮ್ಮ ದೇಶದಲ್ಲಿ ಕರುಳಿನ ಕ್ಷಯವೂ ಕ್ರೋನ್ಸ್‌ನಂತೆಯೇ ತೋರುವುದರಿಂದ ಸರಿಯಾದ ಪರೀಕ್ಷೆ ಅಗತ್ಯ.

ಕೊನೆಯದಾಗಿ ನಮ್ಮೆಲ್ಲರಿಗೂ ಒಂದು ಮಾತು. ಹಬ್ಬದ ಊಟದಲ್ಲಿ ಯಾರಾದರೂ "ಇದು ನನಗೆ ಬೇಡ" ಎಂದರೆ ಒತ್ತಾಯ ಮಾಡದಿರೋಣ. ಏನು ಹೊಂದುತ್ತದೆ ಎಂದು ಕೇಳಿ ಬಡಿಸೋಣ.