ಆಪರೇಷನ್ ಆದ ಮೇಲೂ ಪಿಎಸ್‌ಎ ಏರಿದರೆ?

ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿಗೆ ಆಪರೇಷನ್ ಆಗಿದೆ. ಗ್ರಂಥಿಯನ್ನು ಪೂರ್ತಿ ತೆಗೆದಿದ್ದಾರೆ, ಗಾಯವೂ ಮಾಗಿದೆ. ಇನ್ನು ಮೈಸೂರಿನ ಬಸ್ಸು ಹತ್ತುವ ಕೆಲಸವಿಲ್ಲವೆಂದು ನೀವು ಸಂತೆಮರಹಳ್ಳಿಗೆ, ನಿಮ್ಮ ಅರಿಶಿನದ ಹೊಲಕ್ಕೆ ಮರಳಿದ್ದೀರಿ. ಆದರೆ ಒಂದು ಕೆಲಸ ಉಳಿದಿದೆ. ಅದು ಪಿಎಸ್‌ಎ ಎಂಬ ರಕ್ತಪರೀಕ್ಷೆ.

ಪಿಎಸ್‌ಎ ಎಂಬುದು ಪ್ರಾಸ್ಟೇಟ್ ಜೀವಕೋಶಗಳು ತಯಾರಿಸುವ ಪ್ರೋಟೀನು. ಗ್ರಂಥಿಯನ್ನೇ ತೆಗೆದ ಮೇಲೆ ಆರರಿಂದ ಎಂಟು ವಾರಗಳಲ್ಲಿ ಅದು ಪರೀಕ್ಷೆಗೆ ಸಿಗದಷ್ಟು ಇಳಿಯಬೇಕು. ಮುಂದೆ ಅದು ಮಿಲಿಲೀಟರಿಗೆ 0.2 ನ್ಯಾನೋಗ್ರಾಂ ಮುಟ್ಟಿ, ಎರಡನೆಯ ಪರೀಕ್ಷೆಯಲ್ಲೂ ಇಳಿಯದಿದ್ದರೆ ರೋಗ ಮರುಕಳಿಸಿದೆಯೆಂದು ವೈದ್ಯರು ತಿಳಿಯುತ್ತಾರೆ. ಆ ಹೊತ್ತಿಗೆ ನಿಮಗೆ ನೋವಾಗಲಿ ಮತ್ತಾವ ಲಕ್ಷಣವಾಗಲಿ ಸಾಮಾನ್ಯವಾಗಿ ಇರುವುದಿಲ್ಲ. ಚೆನ್ನಾಗಿದ್ದೇನಲ್ಲ ಎಂದು ಪರೀಕ್ಷೆ ಬಿಡುವವರು ಎಡವುವುದು ಇಲ್ಲಿಯೇ.

ರೋಗ ಮರಳಿದೆ, ಆದರೆ ಎಲ್ಲಿ? ಪಿಎಸ್‌ಎ ಇಷ್ಟು ಕಡಿಮೆಯಿದ್ದಾಗ ಸಿ.ಟಿ. ಹಾಗೂ ಮೂಳೆಯ ಸ್ಕ್ಯಾನುಗಳು ಹೆಚ್ಚಾಗಿ ಏನನ್ನೂ ತೋರಿಸವು. ಇಲ್ಲಿ ನೆರವಾಗುವುದು ಪಿಎಸ್‌ಎಂಎ ಪೆಟ್ ಸ್ಕ್ಯಾನ್. ಪ್ರಾಸ್ಟೇಟ್ ಕ್ಯಾನ್ಸರಿನ ಬಹುಪಾಲು ಜೀವಕೋಶಗಳ ಮೈಮೇಲೆ ಪಿಎಸ್‌ಎಂಎ ಎಂಬ ಪ್ರೋಟೀನು ದಟ್ಟವಾಗಿರುತ್ತದೆ. ಅದಕ್ಕೆ ಅಂಟಿಕೊಳ್ಳುವ ಅಣುವಿಗೆ ಗ್ಯಾಲಿಯಂ-68ರಂಥ ವಿಕಿರಣಶೀಲ ಧಾತುವನ್ನು ಕಟ್ಟಿ ರಕ್ತನಾಳಕ್ಕೆ ಚುಚ್ಚುತ್ತಾರೆ. ಸುಮಾರು ಒಂದು ಗಂಟೆಯ ನಂತರ, ಮೂತ್ರ ಮಾಡಿಸಿ, ಯಂತ್ರದಡಿ ಮಲಗಿಸುತ್ತಾರೆ. ಅಣು ಅಂಟಿದ ಕಡೆ ಚುಕ್ಕೆ ಹೊಳೆಯುತ್ತದೆ. ಗ್ಯಾಲಿಯಂನ ಶಕ್ತಿ 68 ನಿಮಿಷಕ್ಕೆ ಅರ್ಧವಾಗುವುದರಿಂದ ಹೇಳಿದ ಹೊತ್ತಿಗೇ ಅಲ್ಲಿರಬೇಕು. ಹಿಂದಿನ ದಿನವೇ ಊರು ಬಿಡುವುದು ಮೇಲು.

ಇನ್ನು ಮುಖ್ಯ ಮಾತು. ಚಿಕಿತ್ಸೆಯ ನಂತರ ಪಿಎಸ್‌ಎ ಏರಿದ್ದ 635 ಮಂದಿಯನ್ನು ಕ್ಯಾಲಿಫೋರ್ನಿಯಾದಲ್ಲಿ ಹೀಗೆ ಪರೀಕ್ಷಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಪಿಎಸ್‌ಎ 5 ದಾಟಿದವರಲ್ಲಿ ಶೇ. 97 ಮಂದಿಗೆ ರೋಗದ ಜಾಗ ಸಿಕ್ಕಿತು. 0.5ಕ್ಕಿಂತ ಕಡಿಮೆಯಿದ್ದವರಲ್ಲಿ ಸಿಕ್ಕಿದ್ದು ಶೇ. 38 ಮಂದಿಗೆ ಮಾತ್ರ. ಹಾಗಾದರೆ ಪಿಎಸ್‌ಎ ಏರಲಿ, ಆಮೇಲೆ ಸ್ಕ್ಯಾನ್ ಮಾಡಿಸೋಣ ಎನ್ನಬಹುದೇ? ಬೇಡ. ಗ್ರಂಥಿಯಿದ್ದ ಜಾಗಕ್ಕೆ ಕೊಡುವ ವಿಕಿರಣ ಚಿಕಿತ್ಸೆ ಚೆನ್ನಾಗಿ ಫಲಿಸುವುದು ಪಿಎಸ್‌ಎ ಕಡಿಮೆಯಿರುವಾಗಲೇ, 0.5 ದಾಟುವ ಮುನ್ನವೇ. ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೆ ರೋಗವಿಲ್ಲವೆಂದಲ್ಲ, ಚಿಕಿತ್ಸೆ ಮುಂದೂಡಬೇಕೆಂದೂ ಅಲ್ಲ. ಹಾಗೆಯೇ ಪಕ್ಕೆಲುಬಿನಲ್ಲಿ ಮಸುಕಾದ ಒಂಟಿ ಚುಕ್ಕೆ ಕಂಡೊಡನೆ ಹೆದರಬೇಡಿ, ಅಂಥವು ಎಷ್ಟೋ ಸಲ ಕ್ಯಾನ್ಸರ್ ಆಗಿರುವುದಿಲ್ಲ.

ಸ್ಕ್ಯಾನು ಅಗ್ಗದ್ದಲ್ಲ. ಅದರ ಫಲಿತಾಂಶದಿಂದ ನಿಮ್ಮ ಚಿಕಿತ್ಸೆ ಬದಲಾಗುವುದೇ ಎಂದು ವೈದ್ಯರನ್ನು ಮೊದಲೇ ಕೇಳಿ, ಕೇಳಲು ಸಂಕೋಚವೇಕೆ? ಪಿಎಸ್‌ಎಯನ್ನು ಪ್ರತಿಸಲ ಒಂದೇ ಪ್ರಯೋಗಾಲಯದಲ್ಲಿ ಮಾಡಿಸಿ. ಹೊರಡುವಾಗ ಆ ಚೀಟಿಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ, ಆಪರೇಷನ್ನಿನ ಬಯಾಪ್ಸಿ ವರದಿಯೊಂದಿಗೆ ಚೀಲಕ್ಕೆ ಹಾಕಿಕೊಳ್ಳಿ.